ಕರಿಹಲಗೆಯ ಸಾಲು

ಪತ್ರ ಬಂದಿದೆ ಮಲಾವಿಯಿಂದ. ಕೈ ತೊಳೆದೆ, ಮತ್ತೆ ತೊಳೆದೆ,
ಬಂಗುಡೆಯ ನಾತ ಬೆರಳ ಸಂದಿ ಬಿಟ್ಟು ಹೋಗುವಂಥದಲ್ಲ;
ಏಪ್ರನ್ನಿನ ಒಣ ಮೂಲೆಯಲ್ಲಿ ಹಿಡಿದು ಲಕೋಟೆ ಬಿಡಿಸಿದೆ.

ಮೇಲುಗಡೆ ದುಂಡು ಅಕ್ಷರ, ಕೆಳಗೆ ಟೈಪು ಮಾಡಿದ ಕೊರಿಯನ್:
'ಪ್ರೀತಿಯ ಅಜ್ಜಿ, ನಾನು ಕ್ಷೇಮ. ಚೆನ್ನಾಗಿ ಓದುತ್ತಿದ್ದೇನೆ.
ನಿಮಗಾಗಿ ದಿನವೂ ಪ್ರಾರ್ಥಿಸುತ್ತೇನೆ.'

ಗೊತ್ತು ನನಗೆ ಈ ಸಾಲು.
ತಿಯಾಮಿಕೆ ಎಂಬ ಒಂಬತ್ತರ ಹುಡುಗಿಯದಲ್ಲ ಇದು,
ಯಾರೋ ಮೇಷ್ಟರದು; ಕರಿಹಲಗೆಯ ಮೇಲೆ ಬರೆದು
'ನಕಲು ಮಾಡಿ, ಚಿತ್ತು ಮಾಡಬೇಡಿ' ಎಂದು
ಬೆತ್ತ ಕಂಕುಳಲ್ಲಿಟ್ಟು ಓಡಾಡಿದವರದು.
ನಾನೂ ಬರೆದಿದ್ದೆ ಇದನ್ನೇ,
ಯುದ್ಧ ನಿಂತ ವರ್ಷ, ಇದೇ ಬೂಸಾನಿನ ಗುಡ್ಡದ ಮೇಲೆ,
ಸಿಪಾಯಿಗಳು ಬಿಟ್ಟುಹೋದ ಡೇರೆಯೊಳಗೆ
ಮೂವತ್ತೆಂಟು ಮಕ್ಕಳು, ಏಳು ಪೆನ್ಸಿಲು.

ನೆಬ್ರಾಸ್ಕದಲ್ಲಿ ಒಬ್ಬಳಿದ್ದಳು. ಅಲ್ವೀನಾ.
ಹಸುವಿನ ಪಕ್ಕ ನಿಂತ ಫೋಟೋ ಕಳಿಸಿದ್ದಳು:
ಗಾಳಿಗೆ ಲಂಗ ಒಂದು ಕಡೆ, ಹಸುವಿನ ಬಾಲ ಒಂದು ಕಡೆ.
ತಿಂಗಳು ತಿಂಗಳೂ ಅವಳು ಮೊಟ್ಟೆ ಮಾರಿದ ಕಾಸು
ಸಮುದ್ರ ದಾಟಿ ಬಂದು ನನ್ನ ಗಂಜಿಯಾಗುತ್ತಿತ್ತು.
ಇದು ಯೇಸುವಿನ ಪ್ರೀತಿ, ಅಂದರು ನಮ್ಮ ಮೇಡಂ.
ನಾನು ಅಂದುಕೊಂಡೆ, ಯೇಸುವಿಗೆ ಹಸು ಇದೆ.

ಒಂದು ಚಳಿಗಾಲ ಕೋಟು ಬಂತು. ನನಗೆ ಕೆಂಪು ಬೇಕಿತ್ತು;
ಬಂದದ್ದು ಕಂದು. ಒದ್ದು ಮೂಲೆಗೆ ತಳ್ಳಿದೆ.
ಆ ರಾತ್ರಿ ಅವಳಿಗಾಗಿ ಪ್ರಾರ್ಥಿಸಲಿಲ್ಲ,
ಯಾವ ರಾತ್ರಿಯೂ ಪ್ರಾರ್ಥಿಸಿದ್ದಿಲ್ಲ, ಹಲಗೆ ಏನೇ ಹೇಳಲಿ.
ಆದರೂ ಬಂತು ಮುಂದಿನ ತಿಂಗಳ ದುಡ್ಡು.
ಎಷ್ಟೋ ವರ್ಷದ ಮೇಲೆ ಪಾಸ್ಟರು ಕೃಪೆ, ಕೃಪೆ ಎಂದಾಗ
ನನಗೆ ಕಂಡದ್ದು ಮೂಲೆಯಲ್ಲಿ ಬಿದ್ದ ಆ ಕಂದು ಕೋಟು.

ಒಂದು ಪತ್ರದಲ್ಲಿ ಅವಳು ಕೇಳಿದ್ದಳು,
'ಮಗೂ, ತಿನ್ನೋಕೆ ನಿನಗೇನಿಷ್ಟ?'
ನಾನು ಬಾಯಿ ತೆರೆಯುವ ಮೊದಲೇ ಹಲಗೆಯ ಮೇಲೆ ಉತ್ತರ:
'ನನಗೆ ಓದುವುದು ಇಷ್ಟ.'
ನಕಲು ಮಾಡಿದೆ. ಚಿತ್ತು ಮಾಡಲಿಲ್ಲ.

ಈಗ ಎಂಬತ್ತು ನನಗೆ.
ನಸುಕಿನ ನಾಲ್ಕೂವರೆಯ ಪ್ರಾರ್ಥನೆಗೆ ರಬ್ಬರ್ ಬೂಟಿನಲ್ಲೇ ಹೋಗುತ್ತೇನೆ.
ಬೆಂಚಿನಲ್ಲಿ ಪಕ್ಕದವರು ಒಂದು ಗೇಣು ಸರಿಯುತ್ತಾರೆ. ಸರಿಯಲಿ.
ಪೇತ್ರನ ಮೈಯೇನು ಗಂಧ ನಾರುತ್ತಿತ್ತೇ?

ಮಂಗಳವಾರದ ಕೊನೆಯ ಬುಟ್ಟಿಯ ದುಡ್ಡು
ಬಿಸ್ಕತ್ತಿನ ಡಬ್ಬಿಗೆ; ಅದು ತಿಯಾಮಿಕೆಯದು.
ಬಲಗೈಗೆ ಚೂರಿ, ಎಡಗೈಗೆ ಮೀನು,
ಒಂದಕ್ಕೊಂದು ಸುದ್ದಿ ಹೇಳಲು ಅವಕ್ಕೆ ಪುರುಸೊತ್ತಿಲ್ಲ.
ಸೊಸೆ ಅನ್ನುತ್ತಾಳೆ, 'ಅತ್ತೆ, ಮೊಣಕಾಲಿನ ಆಪರೇಷನ್ನಿಗೆ ಇಡಿ.'
ಮೊಣಕಾಲು ಊರುವುದಕ್ಕೆ ತಾನೆ ಬೇಕು? ಊರುತ್ತದೆ ಇನ್ನೂ.

ಪತ್ರ ಮಗುಚಿದರೆ, ಮೇಷ್ಟರ ಕಣ್ಣು ತಪ್ಪಿಸಿ ಬಂದ
ಒಂದು ಮೇಕೆ. ಐದು ಕಾಲು.
ಐದನೆಯದು ಬಾಲವೋ, ಹಿಂದೆ ನಿಂತ ಮರಿಯದೋ, ಪೆನ್ಸಿಲು ಜಾರಿದ್ದೋ;
ಕೊಂಬು ಒತ್ತಿ ಒತ್ತಿ ಬರೆದು ಕಾಗದ ತೂತಾಗಿದೆ.
ಇದು, ಇದು ಮಾತ್ರ ಅವಳ ಅಕ್ಷರ.

ಮೀನು ತೂಗಿದ ಚೀಟಿಯ ಹಿಂದೆ ಉತ್ತರ ಬರೆಯುತ್ತೇನೆ:
'ತಿಯಾಮಿಕೆ, ನನಗಾಗಿ ಪ್ರಾರ್ಥಿಸದಿದ್ದರೂ ನಡೆಯುತ್ತೆ.
ಮೇಕೆ ನಿಮ್ಮದೋ, ಪಕ್ಕದ ಮನೆಯದೋ? ಹೆಸರೇನು? ಹಾಯುತ್ತದೆಯೇ?
ನೀನು ಸಿಟ್ಟಾದರೂ ದುಡ್ಡು ಬರುತ್ತದೆ.
ಹಲಗೆ ಒರೆಸಲು ನಿನ್ನ ಮೇಷ್ಟರಿಗೆ ಹೇಳು.
ಇಂತಿ, ಬೂಸಾನಿನ ಒಕ್‌ಬುನ್ ಅಜ್ಜಿ.'

ಸಿಯೋಲಿನ ಆಫೀಸಿನ ಹುಡುಗಿ ಅನುವಾದಿಸುವಾಗ
ಮೇಷ್ಟರ ಸಾಲು ಬಿಟ್ಟುಬಿಡುತ್ತಾಳೋ ಏನೋ.

ಮತ್ತೆ ದೇವರೇ, ನಿನ್ನ ಹತ್ತಿರ ಒಂದು ಕೆಲಸ.
ಅಲ್ಲಿ ಆ ಹಸುವಿನ ಅಲ್ವೀನಾ ಸಿಕ್ಕರೆ,
ಎಪ್ಪತ್ತು ವರ್ಷ ತಡವಾಯಿತು ಅಂತ ಹೇಳಿ, ಹೇಳು:
ಗೆಣಸು. ಕೆಂಡದಲ್ಲಿ ಸುಟ್ಟದ್ದು.
ಸಿಪ್ಪೆ ಕೂಡ ಬಿಡುತ್ತಿರಲಿಲ್ಲ ನಾನು.